ಫೈಲ್ ಬಂತು, ಪರ್ಮಿಷನ್ ಬರಲಿಲ್ಲ: ಸರ್ವರ್ ಬದಲಿಸುವ ಮೊದಲು ತಿಳಿದಿರಬೇಕಾದ ವಿಷಯ

ನಿಮ್ಮ ಸೊಸೈಟಿಯಲ್ಲೋ ಆಫೀಸಿನಲ್ಲೋ ಸರ್ವರ್ (ಎಲ್ಲರೂ ಬಳಸುವ ಫೈಲುಗಳನ್ನು ಒಂದೇ ಕಡೆ ಇಡುವ ಕಂಪ್ಯೂಟರ್) ಇದ್ದರೆ, ಅದರಲ್ಲಿರುವ ವಿಂಡೋಸ್ ಯಾವುದು ಎಂದು ಒಮ್ಮೆ ನೋಡಿ. ವಿಂಡೋಸ್ ಸರ್ವರ್ 2012 ಅಥವಾ 2012 ಆರ್2 ಆಗಿದ್ದರೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ. 2016 ಆಗಿದ್ದರೆ 2027ರ ಜನವರಿ 12ರವರೆಗೆ ಮಾತ್ರ. ಆಮೇಲೆ ಬೇರೆ ದುಡ್ಡು ಕೊಟ್ಟು ಮುಂದುವರಿಸದೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹವೆಯೂ ಯಂತ್ರಗಳಿಗೆ ಒಳ್ಳೆಯದಲ್ಲ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಒಳಗಿನ ಬೋರ್ಡುಗಳು ತುಕ್ಕು ಹಿಡಿಯುತ್ತವೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಮಳೆಗಾಲದ ಥಂಡಿ, ಸಿಡಿಲು, ಹೋಗಿ ಬರುವ ಕರೆಂಟು. ಇವತ್ತಲ್ಲ ನಾಳೆ ಹಳೆ ಸರ್ವರ್ ತೆಗೆದು ಹೊಸದು ಹಾಕುವ ದಿನ ಬಂದೇ ಬರುತ್ತದೆ.

ಆ ದಿನ ಎಲ್ಲರ ಗಮನ ಫೈಲುಗಳ ಮೇಲೇ ಇರುತ್ತದೆ. ಎಲ್ಲ ಕಾಪಿ ಆಯಿತಾ? ಎಷ್ಟು ಜಿಬಿ? ಯಾವುದಾದರೂ ಬಿಟ್ಟುಹೋಯಿತಾ? ಆದರೆ ಯಾವ ಫೈಲನ್ನು ಯಾರು ನೋಡಬಹುದು, ಯಾರು ತಿದ್ದಬಹುದು ಎಂಬ ವ್ಯವಸ್ಥೆ ಫೈಲಿನ ಜೊತೆ ತಾನಾಗಿಯೇ ಬರುವುದಿಲ್ಲ. ಅದನ್ನು ಬೇರೆಯಾಗಿ ತೆಗೆದಿಟ್ಟು, ಹೊಸ ಸರ್ವರ್‌ನಲ್ಲಿ ಮತ್ತೆ ಕೂರಿಸಬೇಕು. ಈ ಲೇಖನ ಅದರ ಬಗ್ಗೆ. ಕೆಲಸವನ್ನು ನೀವೇ ಮಾಡದಿದ್ದರೂ, ಮಾಡುವವರನ್ನು ಏನು ಕೇಳಬೇಕು ಎಂಬುದು ಗೊತ್ತಿರಬೇಕು.

ಶೇರ್ ಫೋಲ್ಡರ್ ಎಂದರೆ ಏನು?

ಶಿರಸಿಯಲ್ಲಿ ಒಂದು ಅಡಿಕೆ ಸೊಸೈಟಿ ಇದೆ, ಅದಕ್ಕೆ ಕುಮಟಾದಲ್ಲಿ ಒಂದು ಶಾಖೆ ಇದೆ ಅಂದುಕೊಳ್ಳೋಣ. ಮುಖ್ಯ ಕಚೇರಿಯ ಸರ್ವರ್‌ನ ಡಿ ಡ್ರೈವಿನಲ್ಲಿ 'ದಾಖಲೆ' ಎಂಬ ಫೋಲ್ಡರ್. ಅದರೊಳಗೆ ನಾಲ್ಕು: ಅಡಿಕೆ ಟೆಂಡರ್, ಆಸಾಮಿ ಸಾಲ, ಸಭೆ ನಡಾವಳಿ, ಸಂಬಳ.

ಈ 'ದಾಖಲೆ' ಫೋಲ್ಡರನ್ನು ಸರ್ವರ್ ನೆಟ್‌ವರ್ಕಿಗೆ ತೆರೆದಿಟ್ಟಿದೆ. ಕೌಂಟರಿನಲ್ಲಿ ಕೂತವರ ಕಂಪ್ಯೂಟರಿನಲ್ಲಿ ಅದು ಝಡ್ ಡ್ರೈವ್ ಎಂದು ಕಾಣುತ್ತದೆ. ಅವರು ತೆರೆಯುವ ಫೈಲ್ ಅವರ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಸರ್ವರ್‌ನಲ್ಲೇ ಇರುತ್ತದೆ. ಹೀಗೆ ತೆರೆದಿಟ್ಟ ಫೋಲ್ಡರನ್ನು ಶೇರ್ ಫೋಲ್ಡರ್, ಅಥವಾ ಬರೀ ಶೇರ್ ಎನ್ನುತ್ತಾರೆ. ಅದನ್ನು ಯಾರು ಏನು ಮಾಡಬಹುದು ಎಂಬ ಅನುಮತಿಯೇ ಪರ್ಮಿಷನ್.

ಟೆಂಡರಿನ ದರ ತೆರೆಯುವ ಮೊದಲೇ ಬೇರೆಯವರ ಕಣ್ಣಿಗೆ ಬೀಳಬಾರದು. ಆಸಾಮಿ ಸಾಲದ ಫೋಲ್ಡರಿನಲ್ಲಿ ಸದಸ್ಯರ ಆಧಾರ್, ಪಹಣಿ, ಜಾಮೀನಿನ ಕಾಗದ ಎಲ್ಲ ಇರುತ್ತದೆ. ಸಂಬಳದ ಹಾಳೆ ಮ್ಯಾನೇಜರ್ ಮತ್ತು ಅಕೌಂಟೆಂಟ್ ಬಿಟ್ಟು ಯಾರಿಗೂ ಬೇಕಿಲ್ಲ. ಜನರ ಮಾಹಿತಿ ಇಟ್ಟುಕೊಂಡ ಸಂಸ್ಥೆ ಅದನ್ನು ತಕ್ಕ ಭದ್ರತೆಯಲ್ಲಿ ಇಡಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಹಾಗಾಗಿ ಪರ್ಮಿಷನ್ ಬರೀ ಕಂಪ್ಯೂಟರಿನವರ ತಲೆನೋವಲ್ಲ.

ಗೇಟಿನ ಪಟ್ಟಿ ಮತ್ತು ಕೋಣೆಯ ಪಟ್ಟಿ

ವಿಂಡೋಸ್‌ನಲ್ಲಿ ಪರ್ಮಿಷನ್ ಎರಡು ಕಡೆ ಇರುತ್ತದೆ. ಈ ಒಂದು ಸಂಗತಿ ಸರಿಯಾಗಿ ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಸೊಸೈಟಿಯ ಅಡಿಕೆ ವಖಾರಿಯನ್ನು ನೆನಪಿಸಿಕೊಳ್ಳಿ. ಹೊರಗೆ ಗೇಟು. ಅಲ್ಲಿ ವಾಚ್‌ಮನ್ ಹತ್ತಿರ ಒಂದು ಪಟ್ಟಿ: ಯಾರನ್ನು ಒಳಗೆ ಬಿಡಬೇಕು. ಒಳಗೆ ಚಾಲಿಗೆ ಒಂದು ಕೋಣೆ, ರಾಶಿಗೆ ಒಂದು, ಬೆಟ್ಟೆಗೆ ಒಂದು. ಪ್ರತಿ ಕೋಣೆಯ ಬಾಗಿಲಿಗೂ ಬೇರೆ ಪಟ್ಟಿ ಅಂಟಿಸಿದೆ: ಯಾರು ಒಳಗೆ ಬರಬಹುದು, ಯಾರು ಚೀಲ ಎತ್ತಬಹುದು. ರಸ್ತೆಯಿಂದ ಬಂದವರು ಎರಡೂ ಪಟ್ಟಿ ದಾಟಬೇಕು. ಗೇಟಿನಲ್ಲಿ ಬಿಟ್ಟರೂ ಕೋಣೆಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಕೋಣೆಯ ಪಟ್ಟಿಯಲ್ಲಿ ಹೆಸರಿದ್ದರೂ ಗೇಟಿನಲ್ಲಿ ತಡೆದರೆ ಒಳಗೇ ಬರಲಾಗುವುದಿಲ್ಲ.

ಗೇಟಿನ ಪಟ್ಟಿಗೆ ಶೇರ್ ಪರ್ಮಿಷನ್ ಎನ್ನುತ್ತಾರೆ. ಅದರಲ್ಲಿ ಮೂರೇ ಮಟ್ಟ: ಓದುವುದು, ಬದಲಿಸುವುದು, ಪೂರ್ತಿ ಹಿಡಿತ. ಕೋಣೆಯ ಪಟ್ಟಿಗೆ ಎನ್‌ಟಿಎಫ್‌ಎಸ್ ಪರ್ಮಿಷನ್ ಎಂದು ಹೆಸರು. ಅದು ಜಾಸ್ತಿ ಸೂಕ್ಷ್ಮ. ಪ್ರತಿ ಫೋಲ್ಡರಿಗೂ ಪ್ರತಿ ಫೈಲಿಗೂ ಬೇರೆ ಬೇರೆ ಇರಬಹುದು. ನೆಟ್‌ವರ್ಕಿನಿಂದ ಬಂದವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಅನ್ವಯ. ಸರ್ವರ್ ಮುಂದೆಯೇ ಕೂತು ಕೆಲಸ ಮಾಡುವವರಿಗೆ ಗೇಟಿನ ಲೆಕ್ಕವಿಲ್ಲ, ಕೋಣೆಯ ಪಟ್ಟಿ ಮಾತ್ರ. ಅದಕ್ಕೇ 'ಸರ್ವರ್‌ನಲ್ಲಿ ತೆರೆದು ನೋಡಿದೆ, ಸರಿ ಇದೆ' ಎಂಬ ಪರೀಕ್ಷೆ ಸಾಕಾಗುವುದಿಲ್ಲ.

ಇನ್ನು ಈ ಎರಡು ಪಟ್ಟಿಗಳು ಕೂತಿರುವ ಜಾಗ. ಗೇಟಿನ ಪಟ್ಟಿ ಡಿ ಡ್ರೈವಿನಲ್ಲಿ ಇಲ್ಲವೇ ಇಲ್ಲ. ಅದು ವಿಂಡೋಸ್ ತನ್ನ ಎಲ್ಲ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿ ಎಂಬ ಕಡತದಲ್ಲಿದೆ, ಅಂದರೆ ಸಿ ಡ್ರೈವಿನಲ್ಲಿ. ಕೋಣೆಯ ಪಟ್ಟಿ ಡಿ ಡ್ರೈವಿನಲ್ಲೇ, ಫೈಲುಗಳ ಜೊತೆಗಿದೆ. ಆದ್ದರಿಂದ ಡಿ ಡ್ರೈವನ್ನು ಎಷ್ಟೇ ಚೆನ್ನಾಗಿ ಬ್ಯಾಕಪ್ ಮಾಡಿದರೂ ಗೇಟಿನ ಪಟ್ಟಿ ಅದರಲ್ಲಿ ಸಿಗುವುದಿಲ್ಲ.

ಕೋಣೆಯ ಪಟ್ಟಿಗೆ ಇನ್ನೊಂದು ಗುಣವಿದೆ: ಮೇಲಿನ ಫೋಲ್ಡರಿನ ಪಟ್ಟಿ ಒಳಗಿನವುಗಳಿಗೆ ತಾನಾಗೇ ಇಳಿಯುತ್ತದೆ. 'ದಾಖಲೆ'ಯನ್ನು ಎಲ್ಲ ಸಿಬ್ಬಂದಿ ಓದಬಹುದು ಎಂದಿದ್ದರೆ ಒಳಗಿನ ನಾಲ್ಕನ್ನೂ ಓದಬಹುದು. 'ಸಂಬಳ'ಕ್ಕೆ ಮಾತ್ರ ಈ ಇಳಿಕೆಯನ್ನು ಕತ್ತರಿಸಿ, ಇಬ್ಬರ ಹೆಸರು ಬೇರೆಯಾಗಿ ಹಾಕಿರುತ್ತಾರೆ. ಕಳೆದುಹೋದರೆ ಜಾಸ್ತಿ ತೊಂದರೆ ಕೊಡುವುದು ಇಂಥ ಕತ್ತರಿಸಿದ ಜಾಗಗಳೇ.

ಸುಮ್ನೆ ಕಾಪಿ ಮಾಡಿದರೆ ಏನಾಗುತ್ತದೆ?

ಫೈಲನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದಾಗ ವಿಂಡೋಸ್ ಅಲ್ಲಿ ಹೊಸ ಫೈಲ್ ಹುಟ್ಟಿಸುತ್ತದೆ. ಹೊಸ ಫೈಲು ತಾನು ಬಂದು ಸೇರಿದ ಫೋಲ್ಡರಿನ ಪಟ್ಟಿಯನ್ನೇ ಹಿಡಿಯುತ್ತದೆ. ಹಳೆ ಪಟ್ಟಿ ಹಳೆ ಜಾಗದಲ್ಲೇ ಉಳಿಯುತ್ತದೆ. ಒಂದೇ ಡ್ರೈವಿನೊಳಗೆ ಕಟ್ ಮಾಡಿ ಸರಿಸಿದಾಗ ಮಾತ್ರ ಹಳೆ ಪಟ್ಟಿ ಜೊತೆಗೇ ಹೋಗುತ್ತದೆ. ಸರ್ವರ್‌ನಿಂದ ಸರ್ವರ್‌ಗೆ ಹೋಗುವಾಗ ಅದು ಆಗದ ಮಾತು.

ಪೆನ್‌ಡ್ರೈವಿನಲ್ಲಿ ಒಯ್ದರೆ ಇನ್ನೂ ಕಷ್ಟ. ಬಹಳಷ್ಟು ಪೆನ್‌ಡ್ರೈವ್‌ಗಳು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಎಂಬ ರೀತಿಯಲ್ಲಿ ಫಾರ್ಮ್ಯಾಟ್ ಆಗಿರುತ್ತವೆ. ಅವುಗಳಲ್ಲಿ ಪರ್ಮಿಷನ್ ಬರೆದಿಡಲು ಜಾಗವೇ ಇಲ್ಲ. ಮಾಮೂಲಿ ಜಿಪ್ ಮಾಡಿದರೂ ಅದೇ ಕತೆ.

ಈಗ ನಮ್ಮ ಸೊಸೈಟಿಯ ಹೊಸ ಸರ್ವರ್‌ಗೆ ಬರೋಣ. ಫೈಲೆಲ್ಲ ಪೇಸ್ಟ್ ಆಯಿತು, 'ದಾಖಲೆ'ಯನ್ನು ಹೊಸದಾಗಿ ಶೇರ್ ಮಾಡಿದರು. ಎರಡು ರೀತಿಯ ತೊಂದರೆ ಆಗಬಹುದು.

ಮೊದಲನೆಯದು ಗೇಟಿನದು. ಹೊಸ ಶೇರ್ ಮಾಡಿದಾಗ ನಾವೇನೂ ಬದಲಿಸದಿದ್ದರೆ ಅನೇಕ ಸಲ 'ಎವ್ರಿವನ್, ರೀಡ್' ಎಂದು ಬೀಳುತ್ತದೆ. ಎಲ್ಲರೂ ಓದಬಹುದು, ಯಾರೂ ಉಳಿಸಲಾಗದು. ಮರುದಿನ ಬೆಳಿಗ್ಗೆ ಕೌಂಟರಿನಿಂದ ಫೋನು ಶುರು: ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ. ಇದು ಗೊತ್ತಾಗುವ ತೊಂದರೆ. ಮಧ್ಯಾಹ್ನದೊಳಗೆ ಸರಿ ಮಾಡಬಹುದು.

ಎರಡನೆಯದು ಕೋಣೆಗಳದು. ಹೊಸ ಡ್ರೈವಿನ ಮೂಲ ಪಟ್ಟಿಯಲ್ಲಿ ಸಾಮಾನ್ಯವಾಗಿ ಸರ್ವರ್‌ನ ಎಲ್ಲ ಬಳಕೆದಾರರಿಗೂ ಓದುವ ಅನುಮತಿ ಇರುತ್ತದೆ. ಪೇಸ್ಟ್ ಆದ 'ಸಂಬಳ' ಫೋಲ್ಡರು ಅದನ್ನೇ ಹಿಡಿಯುತ್ತದೆ. ಈಗ ಕುಮಟಾ ಶಾಖೆಯ ಎಲ್ಲರೂ ಸಂಬಳದ ಹಾಳೆ ತೆರೆಯಬಹುದು. ಆದರೆ ಈ ಬಗ್ಗೆ ಯಾರೂ ಫೋನು ಮಾಡುವುದಿಲ್ಲ. ತನಗೆ ಬೇಡದ್ದು ತೆರೆಯುತ್ತಿದೆ ಎಂದು ದೂರು ಕೊಡುವವರು ಕಡಿಮೆ ಅಲ್ವಾ? ತಿಂಗಳುಗಟ್ಟಲೆ ಹಾಗೇ ಇರಬಹುದು. ನನ್ನ ಪ್ರಕಾರ ಸರ್ವರ್ ಬದಲಿಸುವ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ. ಬಿಗಿಯಾದದ್ದು ಕೂಗಿ ಹೇಳುತ್ತದೆ, ಸಡಿಲವಾದದ್ದು ಸುಮ್ಮನಿರುತ್ತದೆ.

ಹೆಸರು ಒಂದೇ, ನಂಬರ್ ಬೇರೆ

ಪಟ್ಟಿಯನ್ನು ಹಾಗೇ ಎತ್ತಿ ತಂದರೆ ಮುಗಿಯಿತಾ? ಇಲ್ಲ. ಪಟ್ಟಿಯಲ್ಲಿ ನಿಜವಾಗಿ ಹೆಸರುಗಳು ಇರುವುದೇ ಇಲ್ಲ, ನಂಬರುಗಳಿರುತ್ತವೆ.

ಪ್ರತಿ ಬಳಕೆದಾರರಿಗೂ ಪ್ರತಿ ಗುಂಪಿಗೂ ವಿಂಡೋಸ್ ಒಂದು ಉದ್ದದ ಗುರುತು ಸಂಖ್ಯೆ ಕೊಡುತ್ತದೆ. ಅದನ್ನು ಎಸ್‌ಐಡಿ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಎಸ್-1-5-21 ಎಂದು ಶುರುವಾಗಿ, ಮುಂದೆ ಆ ಯಂತ್ರದ್ದೇ ಆದ ಮೂರು ದೊಡ್ಡ ಸಂಖ್ಯೆಗಳು, ಕೊನೆಗೆ ಆ ವ್ಯಕ್ತಿಯ ಸಂಖ್ಯೆ ಬರುತ್ತದೆ. ಪರದೆಯ ಮೇಲೆ 'ಮ್ಯಾನೇಜರ್' ಎಂದು ಕಂಡರೂ ಒಳಗೆ ಬರೆದಿರುವುದು ಈ ಸಂಖ್ಯೆ.

ಹಳೆ ಸರ್ವರ್‌ನಲ್ಲಿ 'ಮ್ಯಾನೇಜರ್' ಎಂಬ ಬಳಕೆದಾರ ಇದ್ದ. ಹೊಸದರಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟು ಒಬ್ಬನನ್ನು ಮಾಡಿದಿರಿ. ನಮಗೆ ಇಬ್ಬರೂ ಒಬ್ಬರೇ. ವಿಂಡೋಸ್‌ಗೆ ಅಲ್ಲ. ಇಬ್ಬರ ಸಂಖ್ಯೆ ಬೇರೆ. ಹಳೆ ಪಟ್ಟಿ ತಂದು ಕೂರಿಸಿದರೆ ಅದರಲ್ಲಿ ಹಳೆ ಸಂಖ್ಯೆ ಇರುತ್ತದೆ. ಹೊಸ ಸರ್ವರ್‌ಗೆ ಆ ಸಂಖ್ಯೆ ಯಾರದೆಂದು ಗೊತ್ತಿಲ್ಲ. 'ಅಕೌಂಟ್ ಅನ್‌ನೋನ್' ಎಂದು ತೋರಿಸಿ, ಪಕ್ಕದಲ್ಲಿ ಉದ್ದದ ಸಂಖ್ಯೆ ಇಡುತ್ತದೆ. ಒಂದೇ ಸರ್ವರ್‌ನಲ್ಲಿ ಒಬ್ಬ ಬಳಕೆದಾರನನ್ನು ಅಳಿಸಿ, ಅದೇ ಹೆಸರಲ್ಲಿ ಮತ್ತೆ ಮಾಡಿದರೂ ಹೀಗೇ ಆಗುತ್ತದೆ.

ಎರಡು ಕಡೆ ಈ ತೊಂದರೆ ಇಲ್ಲ. ಒಂದು, ಆಫೀಸಿನಲ್ಲಿ ಡೊಮೇನ್ ಇದ್ದಾಗ. ಡೊಮೇನ್ ಎಂದರೆ ಎಲ್ಲ ಬಳಕೆದಾರರ ಹೆಸರು, ಪಾಸ್‌ವರ್ಡ್ ಒಂದೇ ಕಡೆ ಇಟ್ಟು, ಎಲ್ಲ ಕಂಪ್ಯೂಟರುಗಳೂ ಅದನ್ನೇ ಕೇಳುವ ಏರ್ಪಾಡು. ಹಳೆ, ಹೊಸ ಎರಡೂ ಸರ್ವರ್ ಒಂದೇ ಡೊಮೇನಿನಲ್ಲಿದ್ದರೆ ಡೊಮೇನ್ ಬಳಕೆದಾರರ ಸಂಖ್ಯೆ ಬದಲಾಗುವುದಿಲ್ಲ. ಇನ್ನೊಂದು, ವಿಂಡೋಸ್ ತಾನೇ ಹುಟ್ಟಿಸುವ ಕೆಲವು ಗುಂಪುಗಳು. 'ಎವ್ರಿವನ್' ಎಲ್ಲ ಯಂತ್ರಗಳಲ್ಲೂ ಎಸ್-1-1-0. 'ಅಡ್ಮಿನಿಸ್ಟ್ರೇಟರ್ಸ್' ಗುಂಪು ಎಲ್ಲ ಕಡೆ ಎಸ್-1-5-32-544.

ಹಾಗಾಗಿ ಕೆಲಸ ಶುರು ಮಾಡುವ ಮೊದಲ ಪ್ರಶ್ನೆ: ನಮ್ಮಲ್ಲಿ ಡೊಮೇನ್ ಇದೆಯಾ, ಅಥವಾ ಬಳಕೆದಾರರು ಸರ್ವರ್‌ನಲ್ಲೇ ಇದ್ದಾರಾ? ಸಣ್ಣ ಸೊಸೈಟಿಗಳಲ್ಲಿ ಡೊಮೇನ್ ಇಲ್ಲದೇ ಇರಬಹುದು. ಆಗ ಹಳೆ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ಎದುರುಬದುರು ಬರೆದ ಒಂದು ಪಟ್ಟಿ ಬೇಕೇ ಬೇಕು. ಹಳೆ ಯಂತ್ರ ಸತ್ತ ಮೇಲೆ ಅದನ್ನು ಮಾಡುವುದು ಬಹಳ ಕಷ್ಟ.

ಗೇಟಿನ ಪಟ್ಟಿ ತೆಗೆದಿಡುವುದು

ಇದಕ್ಕೆ ಹಳೆಯ ದಾರಿ ರಿಜಿಸ್ಟ್ರಿ. ಅದರಲ್ಲಿ ಸಿಸ್ಟಮ್ ಭಾಗದ ಸರ್ವಿಸಸ್ ಒಳಗೆ ಲ್ಯಾನ್‌ಮ್ಯಾನ್‌ಸರ್ವರ್ ಎಂಬ ಕವಲಿದೆ. ಅದರ ಕೆಳಗೆ ಶೇರ್ಸ್. ಯಾವ ಹೆಸರಿನ ಶೇರ್ ಯಾವ ಫೋಲ್ಡರಿನದು, ಅದರ ಪರ್ಮಿಷನ್ ಏನು ಎಲ್ಲ ಅಲ್ಲೇ ಇದೆ. ಈ ಕವಲನ್ನು ಎಕ್ಸ್‌ಪೋರ್ಟ್ ಮಾಡಿದರೆ ಒಂದು ಸಣ್ಣ ಫೈಲು ಸಿಗುತ್ತದೆ. ಹೊಸ ಸರ್ವರ್‌ನಲ್ಲಿ ಅದನ್ನು ಸೇರಿಸಿ ರೀಸ್ಟಾರ್ಟ್ ಮಾಡಿದರೆ ಶೇರುಗಳು ಕಾಣಿಸಿಕೊಳ್ಳುತ್ತವೆ.

ಆದರೆ ಎಚ್ಚರ ಬೇಕು. ಫೋಲ್ಡರಿನ ಜಾಗ ಮೊದಲಿನಂತೆಯೇ ಇರಬೇಕು. ಹಳೆಯದರಲ್ಲಿ ಡಿ ಡ್ರೈವಿನಲ್ಲಿದ್ದದ್ದು ಹೊಸದರಲ್ಲಿ ಇ ಡ್ರೈವಿಗೆ ಹೋದರೆ ಶೇರ್ ತೆರೆಯುವುದಿಲ್ಲ. ಹೊಸ ಸರ್ವರ್‌ನಲ್ಲಿ ಈಗಾಗಲೇ ಅದೇ ಹೆಸರಿನ ಶೇರ್ ಇದ್ದರೆ ಅದರ ಮೇಲೆ ಇದು ಬರೆದುಬಿಡುತ್ತದೆ. ಅದಕ್ಕೆ, ಮುಟ್ಟುವ ಮೊದಲು ಹೊಸ ಸರ್ವರ್‌ನ ಕವಲನ್ನೂ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಬೇಕು.

2012ರಿಂದ ಈಚಿನ ವಿಂಡೋಸ್ ಸರ್ವರ್‌ಗಳಲ್ಲಿ ಪವರ್‌ಶೆಲ್ ಎಂಬ ಕಮಾಂಡ್ ಕಿಟಕಿಯಿಂದ ಶೇರುಗಳ ಪಟ್ಟಿಯನ್ನೂ ಅವುಗಳ ಪರ್ಮಿಷನ್ನನ್ನೂ ಓದಬಹುದಾದ ರೂಪದಲ್ಲಿ ತೆಗೆಯಬಹುದು. ಹತ್ತಿಪ್ಪತ್ತು ಶೇರುಗಳಷ್ಟೇ ಇದ್ದರೆ ಈ ಪಟ್ಟಿ ನೋಡಿ ಹೊಸದರಲ್ಲಿ ಒಂದೊಂದಾಗಿ ಮಾಡುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ಕೆಲಸ ಬಿಟ್ಟುಹೋದವರ ಹೆಸರು, ಯಾರಿಗೂ ಬೇಡದ ಶೇರು ಎಲ್ಲ ಆಗಲೇ ಕಣ್ಣಿಗೆ ಬೀಳುತ್ತವೆ. ಹೆಸರಿನ ಕೊನೆಗೆ ಡಾಲರ್ ಗುರುತಿದ್ದು ವಿಂಡೋಸ್ ತಾನೇ ಮಾಡಿಕೊಂಡ ಶೇರುಗಳನ್ನು ಸಾಗಿಸಬೇಕಿಲ್ಲ. ಅವು ಹೊಸದರಲ್ಲೂ ಇರುತ್ತವೆ.

ಕೋಣೆಯ ಪಟ್ಟಿಗೆ ಎರಡು ದಾರಿ

ಮೊದಲ ದಾರಿ, ಫೈಲನ್ನೂ ಪಟ್ಟಿಯನ್ನೂ ಒಟ್ಟಿಗೆ ಒಯ್ಯುವುದು. ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಎಂಬ ಕಮಾಂಡ್ ಈ ಕೆಲಸ ಮಾಡುತ್ತದೆ. ಏನೂ ಹೇಳದೆ ಓಡಿಸಿದರೆ ಅದೂ ಫೈಲು, ಅದರ ಗುಣ, ತಾರೀಕು ಇಷ್ಟನ್ನೇ ಒಯ್ಯುತ್ತದೆ. ಪರ್ಮಿಷನ್, ಮಾಲೀಕ ಯಾರು ಎಂಬ ವಿವರ, ಯಾರು ತೆರೆದರು ಎಂದು ದಾಖಲಿಸುವ ಸೆಟ್ಟಿಂಗ್ ಎಲ್ಲ ಬೇಕಾದರೆ 'ಕಾಪಿಆಲ್' ಎಂಬ ಆಯ್ಕೆ ಕೊಡಬೇಕು. ಅಡ್ಮಿನಿಸ್ಟ್ರೇಟರ್ ಆಗಿಯೇ ಓಡಿಸಬೇಕು. ಅಡ್ಮಿನಿಸ್ಟ್ರೇಟರಿಗೂ ಬಾಗಿಲು ಹಾಕಿದ ಫೋಲ್ಡರುಗಳು ಇರಬಹುದು. ಅವಕ್ಕೆ ಬ್ಯಾಕಪ್ ಮೋಡ್ ಎಂಬ ಆಯ್ಕೆ ಇದೆ.

ಇಲ್ಲಿ ಒಂದು ಸಂಗತಿ ಬಹಳ ಜನರಿಗೆ ತಪ್ಪಿಹೋಗುತ್ತದೆ. ಮೊದಲು ಪರ್ಮಿಷನ್ ಇಲ್ಲದೆ ಕಾಪಿ ಮಾಡಿ, ನಂತರ ಪರ್ಮಿಷನ್ ಜೊತೆ ಮತ್ತೆ ಓಡಿಸಿದರೆ ಸರಿಹೋಗುತ್ತದೆ ಎಂದು ತಿಳಿಯುತ್ತಾರೆ. ಸರಿಹೋಗದೇ ಇರಬಹುದು. ಅಲ್ಲಿ ಆಗಲೇ ಇರುವ, ಬದಲಾಗದ ಫೈಲನ್ನು ರೋಬೋಕಾಪಿ ಬಿಟ್ಟು ಮುಂದೆ ಹೋಗುತ್ತದೆ. ಅದರ ಜೊತೆ ಪರ್ಮಿಷನ್ನೂ ಬಿಟ್ಟುಹೋಗುತ್ತದೆ. ಬಿಟ್ಟ ಫೈಲುಗಳ ಪರ್ಮಿಷನ್ನನ್ನೂ ತಿದ್ದು ಎಂದು ಹೇಳಲು 'ಸೆಕ್‌ಫಿಕ್ಸ್' ಎಂಬ ಬೇರೆ ಆಯ್ಕೆ ಸೇರಿಸಬೇಕು. ಇನ್ನು 'ಮಿರ್' ಎಂಬ ಆಯ್ಕೆ ಬಳಸುವುದಾದರೆ ಎರಡು ಸಲ ನೋಡಿ. ಹಳೆಯದರಲ್ಲಿ ಇಲ್ಲದ, ಹೊಸದರಲ್ಲಿ ಮಾತ್ರ ಇರುವ ಫೈಲುಗಳನ್ನು ಅದು ಅಳಿಸುತ್ತದೆ.

ಎರಡನೆಯ ದಾರಿ, ಪಟ್ಟಿಯನ್ನು ಮಾತ್ರ ತೆಗೆದಿಡುವುದು. ಇದಕ್ಕೆ ಐಕ್ಯಾಕಲ್ಸ್ ಎಂಬ ಕಮಾಂಡ್ ಇದೆ, ಅದೂ ವಿಂಡೋಸ್‌ನಲ್ಲೇ ಬರುತ್ತದೆ. 'ಸೇವ್' ಎಂದರೆ ಒಂದು ಫೋಲ್ಡರಿನ ಕೆಳಗಿನ ಎಲ್ಲದರ ಪರ್ಮಿಷನ್ನನ್ನು ಒಂದು ಫೈಲಿಗೆ ಬರೆಯುತ್ತದೆ. 'ರಿಸ್ಟೋರ್' ಎಂದರೆ ಅದನ್ನು ಓದಿ ಮತ್ತೆ ಕೂರಿಸುತ್ತದೆ. ಒಳಗಿನ ಫೋಲ್ಡರುಗಳೂ ಸೇರಬೇಕಾದರೆ ಅದನ್ನು ಬೇರೆಯಾಗಿ ಹೇಳಬೇಕು, ಇಲ್ಲದಿದ್ದರೆ ಮೇಲಿನ ಮಟ್ಟಕ್ಕೇ ನಿಲ್ಲುತ್ತದೆ.

ಐಕ್ಯಾಕಲ್ಸ್ ಫೈಲಿನಲ್ಲಿ ದಾರಿಗಳು ಪೂರ್ತಿಯಾಗಿ ಇರುವುದಿಲ್ಲ. ಎಲ್ಲಿಂದ ಸೇವ್ ಮಾಡಿದಿರೋ ಅಲ್ಲಿಂದ ಮುಂದಿನದು ಮಾತ್ರ. ಆದ್ದರಿಂದ 'ದಾಖಲೆ'ಯ ಪಟ್ಟಿಯನ್ನು ರಿಸ್ಟೋರ್ ಮಾಡುವಾಗ ತೋರಿಸಬೇಕಾದದ್ದು 'ದಾಖಲೆ'ಯನ್ನಲ್ಲ, ಅದು ಕೂತಿರುವ ಮೇಲಿನ ಜಾಗವನ್ನು. ಒಂದು ಅನುಕೂಲವೂ ಇದರಲ್ಲಿದೆ: ಡ್ರೈವಿನ ಅಕ್ಷರ ಬದಲಾದರೂ ಪರವಾಗಿಲ್ಲ, ಒಳಗಿನ ಹೆಸರುಗಳು ಹಾಗೇ ಇದ್ದರೆ ಸಾಕು. ಮಾಲೀಕ ಯಾರು ಎಂಬುದು ಈ ಫೈಲಿನಲ್ಲಿ ಇರುವುದಿಲ್ಲ. ಮತ್ತೆ, ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ತಿದ್ದಿ ಉಳಿಸಬೇಡಿ. ಅದು ಬರೆದಿರುವ ರೀತಿ ಬದಲಾದರೆ ರಿಸ್ಟೋರ್ ಒಪ್ಪುವುದಿಲ್ಲ.

ಹಳೆ ಸಂಖ್ಯೆ, ಹೊಸ ಸಂಖ್ಯೆಯ ಪಟ್ಟಿ ಕೆಲಸಕ್ಕೆ ಬರುವುದು ಇಲ್ಲೇ. ಐಕ್ಯಾಕಲ್ಸ್ ರಿಸ್ಟೋರ್‌ಗೆ 'ಸಬ್‌ಸ್ಟಿಟ್ಯೂಟ್' ಎಂಬ ಆಯ್ಕೆ ಇದೆ. ಈ ಹಳೆ ಸಂಖ್ಯೆ ಸಿಕ್ಕಲ್ಲೆಲ್ಲ ಈ ಹೊಸದನ್ನು ಹಾಕು ಎಂದು ಹೇಳಬಹುದು. ಡೊಮೇನ್ ಇಲ್ಲದ ಕಡೆ ಇದು ದೊಡ್ಡ ಉಪಕಾರ.

ಸರ್ವರ್ ಬದಲಿಸದಿದ್ದರೂ ಐಕ್ಯಾಕಲ್ಸ್ ಫೈಲನ್ನು ಆಗಾಗ ತೆಗೆದು ಬೇರೆ ಕಡೆ ಇಡುವುದು ಒಳ್ಳೆಯದು. ಮೇಲಿನ ಫೋಲ್ಡರಿನಲ್ಲಿ ಒಂದು ತಪ್ಪು ಗುಂಡಿ ಒತ್ತಿದರೆ ಒಳಗಿನ ಸಾವಿರಾರು ಫೈಲುಗಳ ಪರ್ಮಿಷನ್ ಒಮ್ಮೆಗೇ ಬದಲಾಗುತ್ತದೆ. ಅದಕ್ಕೆ 'ಹಿಂದಕ್ಕೆ' ಎಂಬ ಗುಂಡಿ ಇಲ್ಲ.

ಎರಡನ್ನೂ ಒಟ್ಟಿಗೆ ಮಾಡುವ ಸಲಕರಣೆ

ವಿಂಡೋಸ್ ಸರ್ವರ್ 2019ರಿಂದ ಸ್ಟೋರೇಜ್ ಮೈಗ್ರೇಷನ್ ಸರ್ವಿಸ್ ಎಂಬುದು ಬಂದಿದೆ. ಇದು ಹಳೆ ಸರ್ವರ್‌ನಲ್ಲಿ ಏನೇನಿದೆ ಎಂದು ಮೊದಲು ಪಟ್ಟಿ ಮಾಡುತ್ತದೆ. ನಂತರ ಫೈಲು, ಶೇರು, ಎರಡೂ ರೀತಿಯ ಪರ್ಮಿಷನ್ ಸಾಗಿಸುತ್ತದೆ. ಸರ್ವರ್‌ನಲ್ಲೇ ಇರುವ ಬಳಕೆದಾರರನ್ನೂ ಗುಂಪುಗಳನ್ನೂ ಒಯ್ಯಬಲ್ಲದು. ಕೊನೆಗೆ ಹೊಸ ಸರ್ವರ್‌ಗೆ ಹಳೆಯದರ ಹೆಸರು, ವಿಳಾಸ ಕೊಡುತ್ತದೆ. ಆಗ ಕೌಂಟರಿನ ಝಡ್ ಡ್ರೈವನ್ನು ಮುಟ್ಟಬೇಕಿಲ್ಲ. ಹಳೆ ಸರ್ವರ್ ವಿಂಡೋಸ್ 2003ರದ್ದಾದರೂ ನಡೆಯುತ್ತದೆ. ಹೊಸದನ್ನು ಕೊಳ್ಳುತ್ತಿದ್ದರೆ, ಇದನ್ನು ಬಳಸುತ್ತೀರಾ ಎಂದು ಹಾಕಿಕೊಡುವವರನ್ನು ಕೇಳಿ.

ಲಿನಕ್ಸ್ ಸರ್ವರ್ ಇದ್ದರೆ

ವಿಂಡೋಸ್ ಬದಲು ಲಿನಕ್ಸ್ ಇರುವ ಕಡೆ ಶೇರ್ ಕೆಲಸ ಮಾಡುವುದು ಸಾಂಬಾ ಎಂಬ ಸಾಫ್ಟ್‌ವೇರ್. ಗೇಟಿನ ಪಟ್ಟಿಯ ಬಹುಪಾಲು ಅದರ ಸೆಟ್ಟಿಂಗ್ ಫೈಲಿನಲ್ಲೇ ಇರುತ್ತದೆ, ಅದು ಮಾಮೂಲಿ ಅಕ್ಷರದ ಫೈಲು. ಕೋಣೆಯ ಪಟ್ಟಿಗೆ ಗೆಟ್‌ಎಫ್‌ಎಸಿಎಲ್ ಎಂಬ ಕಮಾಂಡ್‌ನಿಂದ ತೆಗೆದು ಸೆಟ್‌ಎಫ್‌ಎಸಿಎಲ್ ಎಂಬುದರಿಂದ ಕೂರಿಸಬಹುದು. ಬಳಕೆದಾರರ ಸಂಖ್ಯೆಯ ತೊಂದರೆ ಇಲ್ಲೂ ಇದೆ.

ಸರಿಯಾಗಿ ಬಂದಿದೆಯಾ ಎಂದು ನೋಡುವುದು

ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಮಾಡಿ ನೋಡಿದರೆ ಬಹುತೇಕ ಎಲ್ಲವೂ ತೆರೆಯುತ್ತದೆ, ಅದರಿಂದ ಏನೂ ಗೊತ್ತಾಗದು. ಕೌಂಟರಿನವರು, ಅಕೌಂಟೆಂಟ್, ಮ್ಯಾನೇಜರ್, ಕುಮಟಾ ಶಾಖೆಯವರು, ಹೀಗೆ ಒಂದೊಂದು ಬಗೆಯ ಒಬ್ಬೊಬ್ಬರ ಲಾಗಿನ್‌ನಿಂದ, ಅವರ ಕಂಪ್ಯೂಟರಿನಿಂದಲೇ ನೋಡಬೇಕು. ಮೂರು ಪ್ರಶ್ನೆ: ತೆರೆಯಬೇಕಾದದ್ದು ತೆರೆಯುತ್ತದಾ? ಉಳಿಸಬೇಕಾದಲ್ಲಿ ಉಳಿಸಲಾಗುತ್ತದಾ? ತೆರೆಯಬಾರದ್ದು ತೆರೆಯದೆ ನಿಲ್ಲುತ್ತದಾ? ಮೂರನೆಯದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಅದನ್ನು ಮೊದಲು ನೋಡಿ. ವಿಂಡೋಸ್‌ನ ಅಡ್ವಾನ್ಸ್ಡ್ ಸೆಕ್ಯುರಿಟಿ ಕಿಟಕಿಯಲ್ಲಿ 'ಇಫೆಕ್ಟಿವ್ ಆಕ್ಸೆಸ್' ಎಂಬ ಭಾಗವಿದೆ. ಅಲ್ಲಿ ಒಬ್ಬರ ಹೆಸರು ಕೊಟ್ಟರೆ ಆ ಫೋಲ್ಡರಿನಲ್ಲಿ ಅವರು ಏನು ಮಾಡಬಹುದು ಎಂದು ತೋರಿಸುತ್ತದೆ.

ಯಾರನ್ನಾದರೂ ಹೊಸ ಗುಂಪಿಗೆ ಸೇರಿಸಿದರೆ ಅವರು ಲಾಗ್ ಆಫ್ ಆಗಿ ಮತ್ತೆ ಬರುವವರೆಗೆ ಬದಲಾವಣೆ ಹಿಡಿಯುವುದಿಲ್ಲ. ಇದು ಗೊತ್ತಿಲ್ಲದೆ, ಸರಿ ಇರುವ ಪಟ್ಟಿಯನ್ನೇ ಮತ್ತೆ ಮತ್ತೆ ತಿದ್ದಿ ಕೆಡಿಸುವುದುಂಟು.

ಹಳೆ ಸರ್ವರನ್ನು ಕೂಡಲೇ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಕಾಪಿಯ ಕೊನೆಯ ಸುತ್ತಿಗೆ ಮೊದಲು ಅದರ ಶೇರುಗಳನ್ನು ಓದುವುದಕ್ಕೆ ಮಾತ್ರ ಎಂದು ಮಾಡಿಬಿಡಿ. ಇಲ್ಲದಿದ್ದರೆ ಯಾರೋ ಒಬ್ಬರು ಹಳೆಯದರಲ್ಲೇ ಫೈಲ್ ಉಳಿಸುತ್ತಿರುತ್ತಾರೆ, ಅದು ಹೊಸದಕ್ಕೆ ಬಂದಿರುವುದಿಲ್ಲ. ಒಂದು ತಿಂಗಳ ಲೆಕ್ಕ ಮುಗಿಯುವವರೆಗಾದರೂ ಅದು ಒಣಗಿದ ಜಾಗದಲ್ಲಿ, ಪ್ಲಗ್ ತೆಗೆದು, ಹಾಗೇ ಇರಲಿ. ಹಳೆ ಬಳಕೆದಾರರ ಸಂಖ್ಯೆಗಳನ್ನು ಕೇಳಲು ಅದಕ್ಕಿಂತ ಬೇರೆ ಜಾಗವಿಲ್ಲ.